ವಿದ್ಯಾಪುರದ ಸರಸ್ವತೀಪಟ

ಶಿಕಾರಿಪುರದ ತಾಲ್ಲೂಕಿನ ತಾಳಗುಂದದ ಶಿಲಾಸ್ತಂಭಶಾಸನವು ಕದಂಬವಂಶದ ಮೂಲಪುರುಷನಾದ ಮಯೂರಶರ್ಮನ ವೃತ್ತಾಂತವನ್ನು ತಿಳಿಸುವುದು. ಅವನು ಗುರುವಾದ ವೀರಶರ್ಮನೊಡನೆ ಅಧ್ಯಯನಾರ್ಥವಾಗಿ ಕಾಂಚಿಯ ಘಟಿಕೆಗೆ ಹೋಗಿ, ಅಲ್ಲಿ ಪಲ್ಲವರ ಕುದುರೆಯ ಸವಾರನೊಡನೆ ಸಂಭವಿಸಿದ ಕಲಹದಿಂದ ಕೆರಳಿ, ದರ್ಭೆಯನ್ನು ಹಿಡಿದಿದ್ದ ಕೈಯಲ್ಲಿ ಖಡ್ಗವನ್ನು ಹಿಡಿದನು. ವಿದ್ಯೆಯಿಂದ ರಾಜ್ಯಕ್ಕೆ ನಡೆದವನ ಚರಿತ್ರೆ ಇದು. ಸಾವಿರ ವರ್ಷಗಳಿಗೂ ಮೀರಿದ ಕಾಲವು ಕಳೆದ ಮೇಲೆ, ಅದೇ ಕನ್ನಡನಾಡಿನ ಉತ್ತರಭಾಗದಲ್ಲಿ, ರಾಜ್ಯದಲ್ಲಿದ್ದುಕೊಂಡೇ ವಿದ್ಯೆಯನ್ನು ತಾಯಿಯೆಂದು ಕರೆದ ಅರಸನೊಬ್ಬನಿದ್ದನು. ಅವನ ಆಸ್ಥಾನದ ಸರಸ್ವತೀಪಟದ ಗುಣದೋಷಗಳನ್ನು ನಿರ್ಣಯಿಸಲು ಶಿಕಾರಿಪುರ ಸೊರಬಗಳ ಶಾಸನಶಿಲ್ಪಗಳೇ ಉತ್ತಮವಾದ ಒರೆಗಲ್ಲಾಗುವುವು.

ಆ ಅರಸನು ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲಶಾಹ (೧೫೮೦-೧೬೨೭). ಹಾಡುಗಳನ್ನೂ ದೋಹೆಗಳನ್ನೂ ಒಳಗೊಂಡ ‘ಕಿತಾಬ್-ಎ-ನೌರಸ್’ ಎಂಬ ದಖನೀ ಗೇಯಪ್ರಬಂಧವು ಅವನ ಕೃತಿ. ನೌರಸವೆಂದರೆ ನವರಸವೇ. ಸರಸ್ವತಿಗೂ ಗಣಪತಿಗೂ ಕಲಬುರಗಿಯ ಬಂದೇನವಾಜರಿಗೂ ಅದರಲ್ಲಿ ಸ್ತುತಿಗಳಿವೆ. ಅರಸನ ತಂಬೂರವಾದ ಮೋತಿಖಾನನಿಗೂ ಅಲ್ಲಿ ಸ್ಥಾನವುಂಟು. ಸುಮಾರು ೧೬೦೪ರಲ್ಲಿ ಫರ್ರುಖ್ ಹುಸೇನನು ಬರೆದ ಸರಸ್ವತೀಪಟವು ಈ ಕೃತಿಯ ಭಾವಕ್ಕೆ ಅತ್ಯಂತ ಸಮೀಪವಾದುದು. ೧೫೮೫ರಲ್ಲಿ ಕಾಬೂಲಿನಿಂದ ಬಂದು ಅಕಬರನ ಸೇವೆಗೆ ಸೇರಿ, ವಿಜಾಪುರದಲ್ಲಿದ್ದು, ಜಹಾಂಗೀರನ ಕಾಲದಲ್ಲಿ ಮೊಗಲರ ಆಸ್ಥಾನಕ್ಕೆ ಹಿಂದಿರುಗಿದ ಫರ್ರುಖ್ ಬೇಗನೇ ಈ ಚಿತ್ರಕಾರನೆಂಬುದು ಬಹುಮಂದಿ ವಿದ್ವಾಂಸರ ಮತ. ದೇವಿಯು ಸುವರ್ಣಸಿಂಹಾಸನದಲ್ಲಿ ವೀಣೆಯೊಡನೆ ಕುಳಿತಿರುವಳು, ಮುಂಭಾಗದಲ್ಲಿ ನವಿಲಿರುವುದು. ಪಟದ ಮೇಲಣ ಲಿಪಿಯಲ್ಲಿ ಇಬ್ರಾಹಿಮನಿಗೆ ಗುರು ಗಣಪತಿಯು ತಂದೆಯೆಂದೂ ಪವಿತ್ರಳಾದ ಸರಸ್ವತಿಯು ತಾಯಿಯೆಂದೂ ಹೇಳಿದೆ.

ಈ ವಾಕ್ಯವೇ ಆಕ್ಷೇಪಕ್ಕೆ ಆಸ್ಪದ. ಗಣಪತಿಸರಸ್ವತಿಯರಿಗೆ ದಾಂಪತ್ಯವು ಪುರಾಣಪ್ರಸಿದ್ಧವಲ್ಲ. ಆದುದರಿಂದ ಇದು ನಮ್ಮ ದೇವತೆಗಳ ಸಂಬಂಧವನ್ನರಿಯದ ಪರದೇಶೀಯರ ಪ್ರಮಾದವೆಂದು ಒಬ್ಬರು ಹೇಳಬಹುದು. ಇದನ್ನು ಮತಸಮನ್ವಯವೆಂದು ಕೊಂಡಾಡಿ ಮತ್ತೊಬ್ಬರು ತೃಪ್ತರಾಗಬಹುದು. ಮೊದಲನೆಯವರು ವಾಕ್ಯವನ್ನು ವಿಚಾರಿಸದೆ ಬಿಡುವರು. ಎರಡನೆಯವರು ವಿಚಾರಿಸದೆ ಹೊಗಳುವರು.

ವಾಕ್ಯದಲ್ಲಿರುವ ‘ಗುರು’ ಶಬ್ದವನ್ನು ಗಮನಿಸಬೇಕು. ಉಪನಯನದಿಂದಾಗುವ ಎರಡನೆಯ ಜನ್ಮದಲ್ಲಿ ಸಾವಿತ್ರಿಯು ತಾಯಿ, ಆಚಾರ್ಯನು ತಂದೆ ಎಂದು ಮನುಸ್ಮೃತಿಯ ದ್ವಿತೀಯಾಧ್ಯಾಯವು ವಿಧಿಸಿದೆ. ಅಲ್ಲಿ ತಾಯಿತಂದೆಗಳೆಂಬ ಮಾತು ದಾಂಪತ್ಯಪರವಲ್ಲ, ವಿದ್ಯಾಜನ್ಮಪರ. ಸಾವಿತ್ರಿಯ ಸ್ಥಾನದಲ್ಲಿ ವಾಗ್ರೂಪಿಣಿಯಾದ ಸರಸ್ವತಿಯನ್ನೂ ಆಚಾರ್ಯನ ಸ್ಥಾನದಲ್ಲಿ ಗುರುವಾದ ಗಣಪತಿಯನ್ನೂ ಇಟ್ಟರೆ ಪಟದ ವಾಕ್ಯವು ಸಂಪೂರ್ಣವಾಗಿ ಅನ್ವಯಿಸುವುದು. ಇಬ್ರಾಹಿಮನಿಗೆ ಉಪನಯನಾಧಿಕಾರವೆಲ್ಲಿಯದೆಂದು ಕೇಳುವುದು ಅಪ್ರಸ್ತುತ. ಇದು ಅಧಿಕಾರವಾದವಲ್ಲ, ರೂಪಕ. ಅವನು ಅಲಿ ಆದಿಲಶಾಹನ ಸಹೋದರನ ಮಗನಾಗಿ, ಬಾಲ್ಯದಲ್ಲಿಯೇ ಪಟ್ಟಕ್ಕೆ ಬಂದವನು. ಕುಲದಿಂದ ಬಂದ ಆ ಹಕ್ಕಿನ ಪಕ್ಕದಲ್ಲಿ ವಿದ್ಯೆಯಿಂದ ಬಂದ ಜನ್ಮವನ್ನು ಈ ಪಟವು ಘೋಷಿಸುವುದು. ತನ್ನ ಪಟ್ಟಣವನ್ನು ಅವನು ವಿದ್ಯಾಪುರವೆಂದು ಕರೆದುದಕ್ಕೂ ಇದೇ ತಾತ್ಪರ್ಯ.

ಈ ಭಾವವು ಕನ್ನಡನಾಡಿಗೆ ಹೊಸದಲ್ಲ. ಬಳ್ಳಿಗಾವೆಯ ಕೋಡಿಯ ಮಠದ ೧೧೬೨ರ ಶಾಸನವು ಸಾಂಗವೇದಗಳನ್ನೂ, ಕೌಮಾರ ಪಾಣಿನೀಯ ಶಾಕಟಾಯನಾದಿ ವ್ಯಾಕರಣಗಳನ್ನೂ, ನ್ಯಾಯ ವೈಶೇಷಿಕ ಮೀಮಾಂಸಾ ಸಾಂಖ್ಯಗಳೊಡನೆ ಬೌದ್ಧದರ್ಶನವನ್ನೂ, ಕಾವ್ಯನಾಟಕಗಳನ್ನೂ ಒಂದೇ ಸ್ಥಾನದಲ್ಲಿ ವ್ಯಾಖ್ಯಾನಿಸುತ್ತಿದ್ದರೆಂದು ಹೇಳುವುದು. ದೀನರಿಗೆ ಅನ್ನವೂ ರೋಗಿಗಳಿಗೆ ಔಷಧವೂ ಅಲ್ಲಿಯೇ ದೊರೆಯುತ್ತಿದ್ದುವು. ಕಾಳಾಮುಖಶೈವರ ಮಠವು ತನ್ನ ಸಿದ್ಧಾಂತವನ್ನು ಬಿಡದೆಯೇ ಪರಸಿದ್ಧಾಂತವನ್ನು ಪಾಠಹೇಳಿತು. ಹಾಗೆಯೇ ಇಬ್ರಾಹಿಮನೂ ತನ್ನ ಮತವನ್ನು ತ್ಯಜಿಸದೆ ವಾಗ್ದೇವಿಗೆ ತಲೆಬಾಗಿದನು.

ಇನ್ನು ಚಿತ್ರದ ಅಲಂಕಾರಬಾಹುಳ್ಯವು ಪಾರಸಿಕಶೈಲಿಯ ದೋಷವೆಂಬ ಮತ್ತೊಂದು ಆಕ್ಷೇಪವುಂಟು. ಸೊರಬ ಮತ್ತು ಸಾಗರಗಳ ಗುಡಿಗಾರರು ಕೆತ್ತುವ ಶ್ರೀಗಂಧದ ಪೆಟ್ಟಿಗೆಗಳನ್ನು ನೋಡಿದವರು ಹೀಗೆ ಹೇಳಲಾರರು. ಅಲ್ಲಿಯೂ ಎಲೆಬಳ್ಳಿಗಳು ಮರದ ಮೈಯನ್ನು ತೆರಪಿಲ್ಲದೆ ಆವರಿಸಿರುವುವು, ನಡುವೆ ದೇವತಾಮೂರ್ತಿಯಿರುವುದು. ನುರಿತ ಗುಡಿಗಾರನ ಬಳ್ಳಿಯು ಎಷ್ಟು ಸುತ್ತಿದರೂ ಕಣ್ಣನ್ನು ಮೂರ್ತಿಯ ಬಳಿಗೇ ತರುವುದು. ಅಲಂಕಾರವು ಹೆಚ್ಚೋ ಕಡಿಮೆಯೋ ಎಂಬುದಲ್ಲ, ಅಂಗಿಯಾದ ರಸಕ್ಕೆ ಅದು ಅಂಗವಾಗಿದೆಯೋ ಇಲ್ಲವೋ ಎಂಬುದೇ ವಿಮರ್ಶಕರು ಕೇಳಬೇಕಾದ ಪ್ರಶ್ನೆ.

ಆ ಒರೆಗಲ್ಲಿನಲ್ಲಿ ತಿಕ್ಕಿದಾಗ ಪಟದ ನಿಜವಾದ ನ್ಯೂನತೆಯೊಂದು ಕಾಣುವುದು. ಶ್ವೇತಪದ್ಮಾಸನೆಯೆಂದು ಧ್ಯಾನಿಸಲ್ಪಡುವ ದೇವಿಗೆ ಚಿತ್ರಕಾರನು ಚಿನ್ನದ ಸಿಂಹಾಸನವನ್ನಿತ್ತಿರುವನು. ತಾಯಿಯನ್ನು ಸಿಂಹಾಸನದಲ್ಲಿ ಕುಳ್ಳಿರಿಸುವುದು ಮಗನಾದ ಅರಸನಿಗೆ ಉಚಿತವೇ. ಆದರೆ ಸಿಂಹಾಸನದ ಹೊಳಪು ವೀಣೆಗೆ ಸಲ್ಲಬೇಕಾದ ಮನಸ್ಸನ್ನು ಸ್ವಲ್ಪಮಟ್ಟಿಗೆ ಸೆಳೆದುಕೊಳ್ಳುವುದು. ಶಾಂತಕ್ಕೆ ಅಂಗವಾಗಿರಬೇಕಾದ ರಾಜವೈಭವವು ಸ್ವತಂತ್ರವಾಗಲು ಹವಣಿಸುವುದು. ದೋಷವು ಚಿತ್ರಕಾರನ ಹುಟ್ಟಿದ ದೇಶದ್ದಲ್ಲ, ಆಸ್ಥಾನದ್ದು. ಆಸ್ಥಾನಕವಿಗಳ ಕಾವ್ಯಗಳಲ್ಲಿಯೂ ಇದು ವಿರಳವಲ್ಲ.

ಆದರೂ ಗುಣವೇ ಅಧಿಕ. ಕನ್ನಡನಾಡಿನ ವಿದ್ಯಾಚರಿತ್ರೆಯನ್ನು ಬೋಧಿಸುವವರು ತಾಳಗುಂದ ಬಳ್ಳಿಗಾವೆಗಳ ಪಾಠದ ತರುವಾಯ ಈ ಪಟವನ್ನೂ ವಿದ್ಯಾರ್ಥಿಗಳ ಮುಂದಿಡುವುದು ಯುಕ್ತ. ದರ್ಭೆಯನ್ನು ಬಿಟ್ಟು ಖಡ್ಗವನ್ನು ಹಿಡಿದವನ ಮಾತನ್ನು ಕಲ್ಲು ಕಾಪಾಡಿದೆ. ಖಡ್ಗವುಳ್ಳವನು ಪುಸ್ತಕವನ್ನು ಹಂಬಲಿಸಿದುದನ್ನು ಒಂದು ಕಾಗದದ ಹಾಳೆಯು ಕಾಪಾಡಿದೆ.