ಕಸ್ಟರ್ ಕಾರ್ಡನ್ನು ತಿರುಗಿಸಿ ನೋಡಿ

ಅಮೆರಿಕದ ಅಂತರ್ಯುದ್ಧ ಕಾಲದ ಭಾವಚಿತ್ರ ಸಂಗ್ರಹಿಸುವವರಿಗೆ ಸೇನಾಧಿಕಾರಿ ಜಾರ್ಜ್ ಆರ್ಮ್‌ಸ್ಟ್ರಾಂಗ್ ಕಸ್ಟರ್ ಬಿಡಲಾಗದ ಸೆಳೆತ. ನೀಳ ಗುಂಗುರು ಕೂದಲು, ಇಳಿಬಿದ್ದ ಮೀಸೆ, ಕೊರಳಿಗೆ ಅವನ ಹೆಸರಿನೊಂದಿಗೇ ಬೆಸೆದುಹೋದ ಕೆಂಪು ಟೈ. ಆಗಿನ ಕಲೋಡಿಯನ್ ಗಾಜಿನ ಫಲಕಕ್ಕೆ ಕೆಂಪು ಬಣ್ಣ ದಕ್ಕುತ್ತಿರಲಿಲ್ಲ. ಚಿತ್ರದಲ್ಲಿ ಅದು ಕಪ್ಪಾಗಿಯೇ ಮೂಡುತ್ತಿತ್ತು. ಈ ಠೀವಿಗೆ ಮರುಳಾಗುವ ಮೊದಲು ಕಾರ್ಡಿನ ಹಿಂಬದಿ ಓದಿ. ಚಿತ್ರ ತೆಗೆದದ್ದು ಯಾವಾಗ ಎಂದು ತಿಳಿದರೆ ಸಾಲದು. ಕೈಯಲ್ಲಿರುವ ಈ ಪ್ರತಿ ಮಾರಾಟವಾದದ್ದು ಯಾವಾಗ ಎಂದೂ ತಿಳಿಯಬೇಕು.

‘ಕಾರ್ಟ್ ದ ವಿಸಿಟ್’ ಎಂಬ ಈ ಕಾರ್ಡು ಸುಮಾರು ಎರಡೂವರೆ ಅಂಗುಲ ಅಗಲ, ನಾಲ್ಕು ಅಂಗುಲ ಉದ್ದ. ಮೊಟ್ಟೆಯ ಬಿಳಿ ಬಳಿದ ತೆಳುಕಾಗದದ ಮೇಲೆ ಚಿತ್ರ ಮೂಡಿಸಿ ರಟ್ಟಿಗೆ ಅಂಟಿಸುತ್ತಿದ್ದರು. 1864ರ ಸೆಪ್ಟೆಂಬರ್‌ನಿಂದ 1866ರ ಆಗಸ್ಟ್‌ವರೆಗೆ ಅಲ್ಲಿನ ಸರ್ಕಾರ ಫೋಟೊಗಳಿಗೂ ತೆರಿಗೆ ವಿಧಿಸಿತ್ತು. 25 ಸೆಂಟ್‌ವರೆಗಿನ ಚಿತ್ರಕ್ಕೆ 2 ಸೆಂಟ್‌ನ ರೆವಿನ್ಯೂ ಸ್ಟಾಂಪು. ಅದನ್ನು ರದ್ದುಪಡಿಸಲು ಮಾರಿದವರು ಶಾಯಿಯಲ್ಲಿ ಗೀಚಿದ ಸಹಿ, ತಾರೀಖು ಉಳಿದಿದ್ದರೆ ಅದಕ್ಕಿಂತ ಗಟ್ಟಿ ಪುರಾವೆ ಬೇಡ. ಜೊತೆಗೆ ಮ್ಯಾಥ್ಯೂ ಬ್ರೇಡಿ ಸ್ಟುಡಿಯೊದ್ದೋ ಆಂಥೊನಿ ಪ್ರಕಾಶಕರದ್ದೋ ಮುದ್ರೆ ಹುಡುಕಿ. ರಟ್ಟಿನ ಮೂಲೆ ದುಂಡಗಿದ್ದರೆ ಸಾಮಾನ್ಯವಾಗಿ 1870ರ ಈಚಿನದು. ಭೂತಗನ್ನಡಿಯಲ್ಲಿ ಸಾಲುಚುಕ್ಕೆಗಳು ಕಂಡರೆ ಅದು ಫೋಟೊ ಅಲ್ಲ, ಯಂತ್ರದ ಅಚ್ಚು.

ಇಷ್ಟೆಲ್ಲ ಪತ್ತೇದಾರಿ ಬೆಲೆ ಕಟ್ಟುವುದಕ್ಕಷ್ಟೇ ಅಲ್ಲ. ಸ್ಟಾಂಪು ಹೊತ್ತ ಕಾರ್ಡನ್ನು ಅಂದು ಕೊಂಡವರಿಗೆ ಕಸ್ಟರ್, 1863ರಲ್ಲಿ 23ನೇ ವಯಸ್ಸಿಗೇ ಬ್ರಿಗೇಡಿಯರ್ ಜನರಲ್ ಆದ ಒಕ್ಕೂಟ ಸೇನೆಯ ಕುದುರೆ ಸವಾರ. 1868ರ ನವೆಂಬರ್ 27ರ ನಸುಕಿನಲ್ಲಿ ಅದೇ ಮನುಷ್ಯ ವಾಷಿಟಾ ನದಿ ದಡದ ಮೂಲನಿವಾಸಿ ಷೆಯೆನ್ ಜನರ ಬೀಡಿನ ಮೇಲೆ ಎರಗಿದ. ಶಾಂತಿಗೆ ಹೆಣಗಿದ್ದ ಮುಖಂಡ ಬ್ಲ್ಯಾಕ್ ಕೆಟಲ್, ಅವನ ಹೆಂಡತಿ, ಇನ್ನೂ ಹಲವು ಹೆಂಗಸರು, ಮಕ್ಕಳು ಸತ್ತರು. 1876ರ ಜೂನ್ 25ರಂದು ಲಿಟಲ್ ಬಿಗ್‌ಹಾರ್ನ್‌ನಲ್ಲಿ ಲಕೋಟಾ, ಷೆಯೆನ್ ಯೋಧರೆದುರು ಕಸ್ಟರ್ ಮಡಿದಾಗ ಬಿಳಿಯ ಅಮೆರಿಕ ಅವನನ್ನು ಹುತಾತ್ಮನೆಂದು ಕೊಂಡಾಡಿತು. ಆಮೇಲೆ ಕೊಂಡ ಚಿತ್ರದಲ್ಲಿ ಮುಖ ಅದೇ, ಕೊಂಡವರ ಭಾವ ಬೇರೆ.

ಆಲ್ಬಮ್ಮಿನಲ್ಲಿ ಈ ಚಿತ್ರದ ಕೆಳಗೆ ‘ಅಂತರ್ಯುದ್ಧದ ವೀರ’ ಎಂದಷ್ಟೇ ಬರೆದರೆ ಸಂಗ್ರಾಹಕನ ಕೆಲಸ ಅರ್ಧಕ್ಕೇ ನಿಂತಂತೆ. ಕಾರ್ಡಿನ ಕಾಲ ಬರೆಯಿರಿ, ಪಕ್ಕದಲ್ಲೇ ವಾಷಿಟಾದ ತಾರೀಖನ್ನೂ ಬ್ಲ್ಯಾಕ್ ಕೆಟಲ್ ಹೆಸರನ್ನೂ ಬರೆಯಿರಿ. ಅದಕ್ಕೆ ಮನಸ್ಸು ಒಪ್ಪದಿದ್ದರೆ ಈ ಚಿತ್ರ ಕೊಳ್ಳಬೇಡಿ.