ಮಕ್ಕಳ ಪುಸ್ತಕವು ಪ್ರಕಟವಾಗುವುದು ಎಂದು?

ಹೊಸ ಗ್ರಂಥವೊಂದು ಅಚ್ಚಾಗಿ ಹೊರಬಂದ ದಿನವು ಗ್ರಂಥಕರ್ತನಿಗೆ ಹಬ್ಬದ ದಿನವಾಗುವುದು ಸಹಜವೇ ಸರಿ. ವರುಷಗಳ ದುಡಿಮೆಯು ಕೈಗೆ ಬಂದ ಸಂತೋಷವು ಅಲ್ಪವಾದುದಲ್ಲ; ಅದರಲ್ಲಿ ಬಂಧುಮಿತ್ರರು ಪಾಲುಗೊಳ್ಳುವುದು ಲೋಕರೂಢಿ. ಆದರೆ ಮಕ್ಕಳಿಗಾಗಿ ಬರೆದ ಪುಸ್ತಕದ ವಿಷಯದಲ್ಲಿ ಈ ಹಬ್ಬಕ್ಕೆ ಒಂದು ವಿಚಿತ್ರವಾದ ಕೊರತೆಯುಂಟು. ವೇದಿಕೆಯ ಮೇಲೆ ಹಿರಿಯರು, ಸಭೆಯಲ್ಲಿ ಹಿರಿಯರು. ಹೊಗಳುವವರು ಹಿರಿಯರು, ಕೊಳ್ಳುವವರೂ ಹಿರಿಯರೇ. ಪ್ರಾರ್ಥನೆಯನ್ನು ಹಾಡಿದ ಇಬ್ಬರು ಮಕ್ಕಳು ಮಾತ್ರ ಬಾಗಿಲ ಬಳಿಯಲ್ಲಿ ನಿಂತು, ಉಪಾಹಾರವು ಎಂದಿಗೆ ಬರುವುದೋ ಎಂದು ನೋಡುತ್ತಿರುವರು. ಪುಸ್ತಕವು ಯಾರಿಗಾಗಿ ಹುಟ್ಟಿತೋ ಅವರ ಅಭಿಪ್ರಾಯವನ್ನು ಅಂದು ಯಾರೂ ಕೇಳುವುದಿಲ್ಲ.

ಬೇರೆಯ ಗ್ರಂಥಗಳಲ್ಲಿ ಓದುವವನೇ ಕೊಳ್ಳುವವನು. ಒಲ್ಲದುದನ್ನು ಅವನು ಕೊಳ್ಳದೆ ಬಿಡಬಹುದು. ಮಕ್ಕಳ ಗ್ರಂಥವನ್ನಾದರೋ ಬರೆಯುವವರು, ಆರಿಸುವವರು, ಹಣ ತೆರುವವರು, ಬಹುಮಾನವನ್ನೀಯುವವರು, ವಿಮರ್ಶಿಸುವವರು, ಎಲ್ಲರೂ ದೊಡ್ಡವರೇ. ಆದುದರಿಂದ ದೊಡ್ಡವರ ಮೆಚ್ಚುಗೆಯನ್ನು ಪಡೆದು ಮಕ್ಕಳ ನಾಲಗೆಗೆ ಎಂದೂ ಹತ್ತದ ಪುಸ್ತಕವು ಯಶಸ್ವಿಯೆನಿಸಿಕೊಳ್ಳುವುದು ಸಾಧ್ಯ. ಇಂತಹ ಪುಸ್ತಕಕ್ಕೆ ಎರಡು ಪ್ರಕಟನೆಗಳುಂಟೆಂದು ತಿಳಿಯುವುದೇ ಲೇಸು: ಮೊದಲನೆಯದು ಅಚ್ಚುಕೂಟದಲ್ಲಿ, ಎರಡನೆಯದು ಮಗುವಿನ ಬಾಯಲ್ಲಿ. ಮೊದಲನೆಯದರ ದಿನವನ್ನು ಆಹ್ವಾನಪತ್ರಿಕೆಯಲ್ಲಿ ಕಾಣಬಹುದು. ಎರಡನೆಯದರ ದಿನವನ್ನು ಗೊತ್ತುಪಡಿಸಲು ಯಾರಿಗೂ ಅಧಿಕಾರವಿಲ್ಲ. ಆದರೂ ವಿಮರ್ಶೆಗೆ ಆಧಾರವಾಗತಕ್ಕದ್ದು ಆ ಎರಡನೆಯದೇ.

ಹಿಂದಿನ ಕೂಲಿಮಠಗಳಲ್ಲಿ ಹುಡುಗರು ಸೋಮೇಶ್ವರ ಶತಕವನ್ನೂ ಅಮರಕೋಶವನ್ನೂ ಉರುಹೊಡೆಯುತ್ತಿದ್ದರು. ಅದರಿಂದ ನೆನಪು ಬಲಿಯಿತು, ನಾಲಗೆ ತಿದ್ದಿತು. ಆದರೆ ಅವು ಮಕ್ಕಳ ಮನಸ್ಸನ್ನು ನೋಡಿ ಹುಟ್ಟಿದ ಕೃತಿಗಳಲ್ಲ. ಮಗುವಿಗೂ ಒಂದು ಮನಸ್ಸುಂಟು, ಅದಕ್ಕೆ ತನ್ನದೇ ಆದ ನಗೆಯುಂಟು, ಹೆದರಿಕೆಯುಂಟು ಎಂದು ಬಗೆದು ಬರೆದ ಮೊದಲಿಗರಲ್ಲಿ ಪಂಜೆ ಮಂಗೇಶರಾಯರು (1874–1937) ಅಗ್ರಗಣ್ಯರು. ‘ಕವಿಶಿಷ್ಯ’ ಎಂಬ ಹೆಸರಿನಿಂದ ಬರೆದ ಅವರು ಶಾಲೆಗಳ ತನಿಖಾಧಿಕಾರಿಗಳಾಗಿ ಹಳ್ಳಿ ಹಳ್ಳಿಯ ಮಕ್ಕಳನ್ನು ಕಂಡವರು. 1934ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಲನಕ್ಕೆ ಅಧ್ಯಕ್ಷರಾದವರು. ಅವರ ನಾಗರಹಾವಿನ ಪದ್ಯದಲ್ಲಿ ಮಗುವು ಹಾವನ್ನು ಕರೆದು ಮಾತನಾಡಿಸುವುದು. ಹಾವೆಂದರೆ ಭಯ, ಹಾವೆಂದರೆ ಬೆರಗು. ಎರಡನ್ನೂ ಅಳಿಸದೆ ಒಂದೇ ಉಸಿರಿನಲ್ಲಿ ಹಿಡಿದುದು ಆ ಪದ್ಯದ ಗುಣ. ಹಾವಿನ ವಿಷಯವಾಗಿ ಎಚ್ಚರಿಕೆಯ ಪಾಠವನ್ನು ಹೇಳಿದ್ದರೆ ಅದು ಪಾಠಪುಸ್ತಕದಲ್ಲಿಯೇ ಉಳಿಯುತ್ತಿತ್ತು.

ಈ ದಾರಿಯಲ್ಲಿ ಬಂದ ಜಿ. ಪಿ. ರಾಜರತ್ನಂ ಅವರ ‘ತುತ್ತೂರಿ’ಯ ವೃತ್ತಾಂತವು ಮಕ್ಕಳ ಲೇಖಕರೆಲ್ಲರೂ ಮನನ ಮಾಡತಕ್ಕದ್ದು. ಎಂ.ಎ. ಪದವಿಯನ್ನು ಪಡೆದ ಬಳಿಕ ಅವರು ಕೆಲಕಾಲ ಚಿಕ್ಕಮಕ್ಕಳ ತರಗತಿಗೆ ಪಾಠ ಹೇಳಬೇಕಾಯಿತು. ಪಠ್ಯದಲ್ಲಿದ್ದ ಪದ್ಯಗಳು ಎಳೆಯರಿಗೆ ರುಚಿಸದಿರಲು ತಾವೇ ಪದ್ಯಗಳನ್ನು ಕಟ್ಟಿ ಹೇಳಿಕೊಟ್ಟರು. ಅವೇ ಮುಂದೆ ಪುಸ್ತಕವಾದುವು. ಇಲ್ಲಿ ಎರಡನೆಯ ಪ್ರಕಟನೆಯು ಮೊದಲನೆಯದಕ್ಕಿಂತ ಮುಂಚೆಯೇ ನಡೆದುಹೋಯಿತು: ಮಕ್ಕಳು ಒಪ್ಪಿದುದು ಅಚ್ಚಿಗೆ ಹೋಯಿತೇ ಹೊರತು, ಅಚ್ಚಾದುದನ್ನು ಮಕ್ಕಳ ಮೇಲೆ ಹೇರಲಿಲ್ಲ. ರಾಜರತ್ನಂ ಅವರು ಮುಂದೆ ತುಮಕೂರಿನ ಕಾಲೇಜಿನಲ್ಲಿಯೂ ಅಧ್ಯಾಪನ ನಡೆಸಿದರು, 1978ರಲ್ಲಿ ದೆಹಲಿಯ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪೀಠವನ್ನೇರಿದರು, 1979ರಲ್ಲಿ ತೀರಿಕೊಂಡರು. ಕನ್ನಡದ ಮನೆಗಳಲ್ಲಿ ಇಂದಿಗೂ ಎಷ್ಟೋ ಮಕ್ಕಳು ಅವರ ಹೆಸರನ್ನರಿಯದೆಯೇ ಅವರ ಪದ್ಯವನ್ನು ಹಾಡುವರು. ಶಿಶುಕವಿಗೆ ಇದಕ್ಕಿಂತ ಹಿರಿದಾದ ಕೀರ್ತಿಯಿಲ್ಲ.

ಆ ತುತ್ತೂರಿಯ ಪದ್ಯವನ್ನೇ ನೋಡಬಹುದು. ಹುಡುಗನೊಬ್ಬನು ಬಣ್ಣದ ತುತ್ತೂರಿಯನ್ನು ಕೊಂಡು, ಇಂತಹುದು ತನ್ನೊಬ್ಬನಿಗೇ ಉಂಟೆಂದು ಬೀಗಿ ನಡೆಯುವನು; ಆ ತುತ್ತೂರಿಯು ಕೊಳದ ನೀರಿಗೆ ಜಾರಿ ಬೀಳುವುದು. ತುತ್ತೂರಿಗೆ ನೀರು ಹೊಕ್ಕು ಸ್ವರ ಕೆಡುವುದು, ಬಣ್ಣ ಹೋಗುವುದು. ಜಂಬವು ಕೂಡದೆಂಬ ನೀತಿಯು ಇದರಲ್ಲಿಲ್ಲವೆಂದಲ್ಲ. ಆದರೆ ಅದನ್ನು ಹೇಳಲು ತಂದೆಯೂ ಬರುವುದಿಲ್ಲ, ಗುರುವೂ ಬರುವುದಿಲ್ಲ. ನೀರೇ ಹೇಳಿ ಮುಗಿಸುವುದು. ಕೆಟ್ಟ ತುತ್ತೂರಿಯ ದನಿಯನ್ನು ಅನುಕರಿಸುವುದರಲ್ಲಿ ಮಕ್ಕಳಿಗೆ ಎಷ್ಟು ಸುಖವೆಂದರೆ, ನೀತಿಯು ಒಳಹೊಕ್ಕುದು ಅವರಿಗೆ ಗೊತ್ತಾಗುವುದೇ ಇಲ್ಲ. ನಾಲ್ಕು ಮಾತ್ರೆಯ ಗಣಗಳ ನಡೆಯು ಹೆಜ್ಜೆ ಹಾಕುವ ಮಗುವಿನ ನಡೆಗೆ ಹೊಂದುವುದು; ಸಾಲಿನ ಕೊನೆಗೆ ಬರುವ ಪ್ರಾಸವು ಮುಂದಿನ ಮಾತನ್ನು ತಾನೇ ಊಹಿಸಿ ನುಡಿಯಲು ಮಗುವಿಗೆ ಎಡೆಗೊಡುವುದು. ನಾಯಿಮರಿಯ ಪದ್ಯದಲ್ಲಿಯೂ ಹೀಗೆಯೇ. ತಿಂಡಿ ಬೇಕೆ, ಏಕೆ ಬೇಕು, ಕಳ್ಳ ಬಂದರೆ ಏನು ಮಾಡುವೆ ಎಂದು ಹುಡುಗನು ಕೇಳುವನು. ಮರಿಯು ತಕ್ಕ ಉತ್ತರವನ್ನಿತ್ತು ತಿಂಡಿಯನ್ನು ಗಳಿಸಿಕೊಳ್ಳುವುದು. ಮನೆಯಲ್ಲಿ ದಿನವೂ ದೊಡ್ಡವರ ಪ್ರಶ್ನೆಗಳಿಗೆ ಉತ್ತರ ಹೇಳುವ ಮಗುವು ಇಲ್ಲಿ ತಾನು ದೊಡ್ಡವನಾಗಿ ಪ್ರಶ್ನೆ ಕೇಳುವುದು. ಈ ಪದವಿಯೇ ಪದ್ಯದ ಸವಿ.

ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಲ್ಲಿ ಮತ್ತೊಂದು ಗುಣವನ್ನು ಕಾಣಬಹುದು. ಅದು ಆಂಗ್ಲ ಕವಿ ಬ್ರೌನಿಂಗನ ಕಥನಕವನವನ್ನು ಆಧರಿಸಿದುದು. ಜರ್ಮನಿಯ ಪಟ್ಟಣವು ತುಂಗೆಯ ತೀರದ ಹಳ್ಳಿಯಾಗಿದೆ. ಮೂಲವನ್ನರಿಯದ ಮಗುವಿಗೆ ಆ ಹಳ್ಳಿಯು ಪಕ್ಕದ ಊರಿನಂತೆಯೇ ತೋರುವುದು. ಇಲಿಗಳನ್ನು ತೊಲಗಿಸಿದವನಿಗೆ ಊರ ಹಿರಿಯರು ಆಡಿದ ಮಾತಿನಂತೆ ಹಣ ಕೊಡಲಿಲ್ಲ. ಅವನು ಮಕ್ಕಳನ್ನೇ ಕರೆದುಕೊಂಡು ಹೋದನು. ಹಿರಿಯರ ತಪ್ಪಿಗೆ ಕಿರಿಯರು ಇಲ್ಲವಾದರೆಂಬ ಕಠಿಣವಾದ ಸಂಗತಿಯನ್ನು ಮಕ್ಕಳಿಂದ ಮರೆಮಾಡದಿರುವುದು ಆ ಕವನದ ಧೈರ್ಯ. ಮಕ್ಕಳು ದುಃಖವನ್ನು ತಾಳಬಲ್ಲರು, ತಾಳಲಾರದುದು ಬೇಸರವನ್ನು.

ಈಚಿನ ಮಕ್ಕಳ ಪುಸ್ತಕಗಳಲ್ಲಿ ಚಿತ್ರಗಳು ಹೆಚ್ಚಿವೆ, ಮುದ್ರಣವು ಅಂದವಾಗಿದೆ. ಕಾಗದ, ಬಣ್ಣಗಳಲ್ಲಿ ಹಿಂದಿನವು ಇವಕ್ಕೆ ಸರಿದೂಗಲಾರವು. ಆದರೂ ಕೆಲವು ದೋಷಗಳು ಮರುಕಳಿಸುತ್ತಿರುವುದನ್ನು ಹೇಳದೆ ಇರುವಂತಿಲ್ಲ. ಮೊದಲನೆಯದು, ಕಥೆ ಮುಗಿದ ಮೇಲೂ ಲೇಖಕನು ಏಳದೆ ಕುಳಿತು ನೀತಿಯನ್ನು ಬೋಧಿಸುವುದು. ಎರಡನೆಯದು, ತನ್ನ ಬಾಲ್ಯದ ಹಂಬಲವನ್ನೇ ಮಗುವಿನ ಹಂಬಲವೆಂದು ಭ್ರಮಿಸುವುದು. ಅಜ್ಜಿಯ ಮನೆ, ಮಾವಿನ ತೋಪು, ಬಾವಿಯ ಕಟ್ಟೆಗಳಿಗಾಗಿ ನಿಟ್ಟುಸಿರಿಡುವುದು ಐವತ್ತರ ಪ್ರಾಯವೇ ಹೊರತು ಎಂಟರ ಪ್ರಾಯವಲ್ಲ. ಮೂರನೆಯದು, ತೊದಲು ಮಾತಿನ ಅನುಕರಣ. ಮಗುವು ತೊದಲುವುದು ಸರಿಯಾಗಿ ನುಡಿಯುವ ಪ್ರಯತ್ನದಲ್ಲಿ. ಅದರೆದುರು ದೊಡ್ಡವನು ಬೇಕೆಂದು ತೊದಲಿದರೆ ಅದು ಗೌರವವಲ್ಲ. ಈ ಮೂರೂ ದೋಷಗಳಿಗೆ ಮೂಲವೊಂದೇ: ಬರೆಯುವಾಗ ಎದುರಿಗೆ ಮಗುವಿಲ್ಲದಿರುವುದು.

ಈ ಮಾತಿನ ಮಹತ್ವವು ಮಧುಗಿರಿ ಶೈಕ್ಷಣಿಕ ಜಿಲ್ಲೆಯಂತಹ ನಾಡಿನಲ್ಲಿ ಸ್ಪಷ್ಟವಾಗಿ ತೋರುವುದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳಲ್ಲಿ ಮಕ್ಕಳ ಕಿವಿಗೆ ಬಡತನವಿಲ್ಲ. ಶಿರಾ ಸೀಮೆಯ ಕಾಡುಗೊಲ್ಲರು ತಮ್ಮ ವೀರನಾದ ಜುಂಜಪ್ಪನ ಕಥೆಯನ್ನು ಗಣೆಯ ನಾದದೊಡನೆ ತಲೆಮಾರುಗಳಿಂದ ಹಾಡಿಕೊಂಡು ಬಂದಿದ್ದಾರೆ; ಆ ಕಾವ್ಯವು ಉಳಿದುದು ಬಾಯಿಂದ ಬಾಯಿಗೆ. ಆಂಧ್ರದ ಗಡಿಯಾದ ಪಾವಗಡದ ಕಡೆ ಎಷ್ಟೋ ಮನೆಗಳ ಮಾತು ತೆಲುಗು. ಅಲ್ಲಿಯ ಮಗುವಿಗೆ ಕನ್ನಡದ ಬಾಗಿಲು ತೆರೆಯುವುದು ವ್ಯಾಕರಣದಿಂದಲ್ಲ. ಅರ್ಥಕ್ಕೆ ಮುಂಚೆ ನಾದದಿಂದ ಒಲಿಸಿಕೊಳ್ಳುವ ಒಂದು ಶಿಶುಗೀತೆಯಿಂದ. ಅಂತಹ ಗೀತೆಯು ದೊರೆಯದಿದ್ದರೆ ಕನ್ನಡವು ಆ ಮಗುವಿಗೆ ಪರೀಕ್ಷೆಯ ವಿಷಯವಾಗಿ ಉಳಿಯುವುದೇ ಹೊರತು ಸ್ವಂತ ಮಾತಾಗುವುದಿಲ್ಲ. ಮನೆಮನೆಯಲ್ಲಿ ಮೊಬೈಲು ಹೊಸ ಕಿಂದರಿಯಾಗಿ ಮಕ್ಕಳನ್ನು ಕರೆಯುತ್ತಿರುವ ಈ ಕಾಲದಲ್ಲಿ ಹಿರಿಯರು ಅದನ್ನು ಬಯ್ದರೆ ಸಾಲದು. ಮಕ್ಕಳಿಗೆ ತಾವು ಸಲ್ಲಿಸಬೇಕಾದ ಬಾಕಿಯನ್ನು ಸಲ್ಲಿಸಿದ್ದೇವೆಯೇ ಎಂದು ಕೇಳಿಕೊಳ್ಳಬೇಕು.

ತುಮಕೂರು ಜಿಲ್ಲೆಯು ಈ ಕೆಲಸದಲ್ಲಿ ಹಿಂದುಳಿದಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿಯು 2010ರಿಂದ ಕೊಡುತ್ತಿರುವ ಬಾಲ ಸಾಹಿತ್ಯ ಪುರಸ್ಕಾರವು 2024ರಲ್ಲಿ ಕನ್ನಡದ ಪಾಲಿಗೆ ಈ ಜಿಲ್ಲೆಯ ಕೃಷ್ಣಮೂರ್ತಿ ಬಿಳಿಗೆರೆ ಅವರ ‘ಛೂಮಂತ್ರಯ್ಯನ ಕಥೆಗಳು’ ಎಂಬ ಪುಸ್ತಕಕ್ಕೆ ಸಂದಿತು. ‘ಛೂಮಂತ್ರ’ ಎಂಬುದು ಹಿರಿಯರ ನಿಘಂಟಿನ ಮಾತಲ್ಲ, ಮಕ್ಕಳ ಆಟದ ಮಾತು; ಮಕ್ಕಳ ಬಾಯಿಂದಲೇ ಹೆಸರನ್ನು ಪಡೆದ ಪುಸ್ತಕವು ಮತ್ತೆ ಅವರ ಕೈಗೆ ತಲಪುವುದು ನ್ಯಾಯ. ತಲಪುವ ದಾರಿಯೂ ಇಲ್ಲದಿಲ್ಲ. 2020ರಲ್ಲಿ ‘ಓದುವ ಬೆಳಕು’ ಎಂಬ ಯೋಜನೆಯಿಂದ ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತವಾದ ಸದಸ್ಯತ್ವವು ದೊರೆಯಿತು. ಕಪಾಟಿನಲ್ಲಿ ಇರಿಸಿದ ಮಾತ್ರಕ್ಕೆ ಪುಸ್ತಕವು ಮಾತನಾಡುವುದಿಲ್ಲವಾದುದರಿಂದ, ಅದನ್ನು ಗಟ್ಟಿಯಾಗಿ ಓದಿ ಹೇಳುವ ಒಬ್ಬರು ಬೇಕು.

ಜಿಲ್ಲೆಯ ಸಾಹಿತ್ಯ ಸಂಘಗಳಿಗೆ ಇಲ್ಲಿ ಒಂದು ಕರ್ತವ್ಯವುಂಟು. ಮಕ್ಕಳ ಹೊಸ ಪುಸ್ತಕವು ಹೊರಬಂದಾಗ ಅದರ ಉತ್ಸವವನ್ನು ಪಟ್ಟಣದ ಸಭಾಭವನದಲ್ಲಿ ನಡೆಸುವುದಕ್ಕೆ ಬದಲಾಗಿ ಬಡವನಹಳ್ಳಿಯಂತಹ ಊರಿನ ಶಾಲೆಯಲ್ಲಿ ನಡೆಸಬಹುದು. ಹಾರತುರಾಯಿಗಳ ಹಣಕ್ಕೆ ಹತ್ತು ಪ್ರತಿಗಳು ಬರುವುವು. ಅಧ್ಯಕ್ಷಭಾಷಣದ ಕಾಲದಲ್ಲಿ ಎರಡು ಕಥೆಗಳನ್ನು ಓದಬಹುದು. ಲೇಖಕನು ತಾನೇ ನಿಂತು ಓದಲಿ. ಯಾವ ಸಾಲಿಗೆ ಮಕ್ಕಳು ನಕ್ಕರು, ಯಾವ ಪುಟದಲ್ಲಿ ಕಿಟಕಿಯ ಕಡೆ ತಿರುಗಿದರು ಎಂಬುದನ್ನು ಗಮನಿಸಲಿ. ಅದಕ್ಕಿಂತ ನಿಷ್ಪಕ್ಷಪಾತವಾದ ವಿಮರ್ಶೆಯು ಅವನಿಗೆ ಬೇರೆಲ್ಲಿಯೂ ದೊರೆಯದು. ಮರುದಿನ ಬೆಳಗ್ಗೆ ಶಾಲೆಯ ಅಂಗಳದಲ್ಲಿ ಒಂದು ಮಗುವಾದರೂ ಆ ಪುಸ್ತಕದ ಮಾತೊಂದನ್ನು ತನ್ನ ಆಟದಲ್ಲಿ ಆಡಿತಾದರೆ, ಪುಸ್ತಕವು ಪ್ರಕಟವಾಯಿತೆಂದು ತಿಳಿಯಬಹುದು.