ವಾರೆನ್ ಮತ್ತು ರೂಟ್ ಇವರ ಘನಾಕೃತಿ ಮಾದರಿ: ಒಂದು ವಿಮರ್ಶೆ

ಬಿರುಕುಬಿಟ್ಟ ಸುಣ್ಣಕಲ್ಲಿನಲ್ಲಿ ತೈಲದ ಚಲನೆಯನ್ನು ಕುರಿತ ಪಠ್ಯಗ್ರಂಥಗಳು ಬಹುಮಟ್ಟಿಗೆ 1963ರಲ್ಲಿ ವಾರೆನ್ ಮತ್ತು ರೂಟ್ ಪ್ರಕಟಿಸಿದ ಪ್ರಬಂಧಕ್ಕೆ ಋಣಿಯಾಗಿವೆ. ಒಂದೇ ಶಿಲೆಯಲ್ಲಿ ಎರಡು ಮಾಧ್ಯಮಗಳನ್ನೂ ಪ್ರತಿ ಬಿಂದುವಿನಲ್ಲಿ ಎರಡು ಒತ್ತಡಗಳನ್ನೂ ಕಲ್ಪಿಸಿದ ಶ್ರೇಯಸ್ಸು 1960ರ ಸೋವಿಯತ್ ವಿದ್ವಾಂಸರಾದ ಬಾರೆನ್‌ಬ್ಲಾಟ್, ಝೆಲ್ತೋವ್, ಕೋಚಿನಾ ಇವರದು. ಆ ಕಲ್ಪನೆಯನ್ನು ತೈಲಬಾವಿಯ ಪರೀಕ್ಷೆಗೆ ಒದಗುವಂತೆ ಮಾಡಿದವರು ವಾರೆನ್ ಮತ್ತು ರೂಟ್.

ಅವರ ಚಿತ್ರ ಸರಳವಾದುದು. ಒಂದೇ ಅಳತೆಯ ಘನಾಕೃತಿಯ ಕಲ್ಲುಗಳು, ನಡುವೆ ಬಿರುಕುಗಳು. ತೈಲದ ಸಂಗ್ರಹ ಬಹುಪಾಲು ಕಲ್ಲಿನ ಸೂಕ್ಷ್ಮರಂಧ್ರಗಳಲ್ಲಿ; ಬಾವಿಯ ಕಡೆಗೆ ಹರಿವು ಬಿರುಕುಗಳಲ್ಲಿ. ಬಿರುಕುಗಳ ಅವಕಾಶ ಸಾಮಾನ್ಯವಾಗಿ ಶಿಲೆಯ ಗಾತ್ರದ ನೂರರಲ್ಲೊಂದು ಪಾಲಿಗೂ ಕಡಿಮೆ. ಆದರೂ ನುಣುಪಾದ ಸಮಾಂತರ ಗೋಡೆಗಳುಳ್ಳ ಬಿರುಕಿನ ಅಗಲ ಇಮ್ಮಡಿಯಾದರೆ ಹರಿವು ಎಂಟು ಮಡಿಯಾಗುವುದರಿಂದ ಅವುಗಳ ಪ್ರಭಾವ ಅಪಾರ. ಈ ಸಂಕೀರ್ಣತೆಯನ್ನೆಲ್ಲ ಅವರು ಎರಡು ಸಂಖ್ಯೆಗಳಿಗೆ ಇಳಿಸಿದರು: ಸಂಗ್ರಹದಲ್ಲಿ ಬಿರುಕುಗಳ ಪಾಲನ್ನು ಹೇಳುವ ಒಮೆಗಾ, ಕಲ್ಲಿನಿಂದ ಬಿರುಕಿಗೆ ದ್ರವ ಸಾಗುವ ಸೌಲಭ್ಯವನ್ನು ಹೇಳುವ ಲ್ಯಾಂಬ್ಡಾ. ಕಾಲದ ಲಾಗರಿತಮ್ಮಿಗೆದುರಾಗಿ ಒತ್ತಡವನ್ನು ಗುರುತಿಸಿದರೆ ಎರಡು ಸಮಾಂತರ ರೇಖೆಗಳು ದೊರೆಯುತ್ತವೆ. ಅವುಗಳ ಅಂತರದಿಂದ ಒಮೆಗಾ ಲಭಿಸುತ್ತದೆ. ಬಾವಿಯೊಳಗಿನ ದ್ರವದ ಸಂಗ್ರಹವೇ ಮೊದಲನೆಯ ರೇಖೆಯನ್ನು ಎಷ್ಟೋ ವೇಳೆ ಮರೆಮಾಡುತ್ತದೆಂಬುದು ಬೇರೆ ಮಾತು.

ನಮ್ಮ ಮುಖ್ಯ ಆಕ್ಷೇಪಣೆ ಲ್ಯಾಂಬ್ಡಾವನ್ನು ಕುರಿತದ್ದು. ಅದೂ ಮೂಲ ಲೇಖಕರಿಗಿಂತ ಅವರನ್ನು ಅನುಸರಿಸಿದವರ ಮೇಲೆ. ಈ ಸಂಖ್ಯೆಯಿಂದ ಕಲ್ಲುಗಳ ಅಳತೆಯನ್ನು ತೆಗೆಯುವ ವಾಡಿಕೆಯುಂಟು. ಆದರೆ ಬಿರುಕುಗಳ ಪಾರಗಮ್ಯತೆ ಬದಲಾಗದಿದ್ದರೆ ಅದು ಕಲ್ಲಿನ ಪಾರಗಮ್ಯತೆಯನ್ನು ಅದರ ಅಂಚಿನ ಉದ್ದದ ವರ್ಗದಿಂದ ಭಾಗಿಸಿದುದಕ್ಕೆ ಅನುಪಾತವಾಗಿರುತ್ತದೆ. ಅಂಚು ಹತ್ತು ಮಡಿ, ಪಾರಗಮ್ಯತೆ ನೂರು ಮಡಿ ಹೆಚ್ಚಾದರೆ ಲ್ಯಾಂಬ್ಡಾ ಕದಲುವುದಿಲ್ಲ. ಬಾವಿಯ ಪರೀಕ್ಷೆ ಎರಡು ಶಿಲೆಗಳನ್ನೂ ಒಂದೇ ಎನ್ನುತ್ತದೆ. ತೈಲದ ಲಾಭ ಮಾತ್ರ ಒಂದೇ ಅಲ್ಲ. ಬಿರುಕಿನ ನೀರನ್ನು ಕಲ್ಲು ಹೀರಿ ತೈಲವನ್ನು ಹೊರದೂಡುವ ಕಾಲವು, ಮ್ಯಾಟಾಕ್ಸ್ ಮತ್ತು ಕೈಟ್ 1962ರಲ್ಲಿ ತೋರಿಸಿದ ನಿಯಮದಂತೆ, ಅಂಚಿನ ವರ್ಗದೊಡನೆ ಬೆಳೆಯುತ್ತದೆ, ಪಾರಗಮ್ಯತೆಯ ವರ್ಗಮೂಲದೊಡನೆ ಕುಗ್ಗುತ್ತದೆ. ಆದ್ದರಿಂದ ಇತರ ಗುಣಗಳು ಸಮಾನವಾಗಿದ್ದರೂ ಎರಡನೆಯ ಶಿಲೆಗೆ ಹತ್ತು ಮಡಿ ಕಾಲ ಬೇಕು. ಇದನ್ನು ಮರೆತ ಉತ್ಪಾದನೆಯ ಅಂದಾಜಿಗೆ ಏನು ಬೆಲೆ?

ಕಲ್ಲಿನೊಳಗಿನ ಒತ್ತಡವನ್ನು ಏಕರೂಪವೆಂದು ಎಣಿಸಿದ ದೋಷವನ್ನು 1969ರಲ್ಲಿ ಕಾಜೆಮಿ ತಿದ್ದಿದರು. ಅವರು ಘನಗಳಿಗೆ ಬದಲಾಗಿ ಪದರಗಳನ್ನು ತೆಗೆದುಕೊಂಡರು.

ಇನ್ನು ಆಕಾರದ ಮಾತು. ಈ ಘನಗಳಿಗೆ ಸಕ್ಕರೆ ತುಂಡುಗಳೆಂಬ ಹೆಸರಿದೆ. ನಿಜವಾದ ಶಿಲೆ ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚುಗಳಂತೆ, ಒಂದರ ಹಾಗೆ ಇನ್ನೊಂದಿಲ್ಲ. 1908ರಲ್ಲಿ ಇರಾನಿನ ಮಸ್ಜಿದ್ ಸುಲೇಮಾನಿನಲ್ಲಿ ತೈಲವನ್ನು ಕೊಟ್ಟ ಅಸ್ಮಾರಿ ಸುಣ್ಣಕಲ್ಲಿನ ಬಿರುಕುಗಳು ಪದರಗಳು ಬಾಗಿದ ಎಡೆಗಳಲ್ಲಿ ಒತ್ತಾಗುತ್ತವೆ, ಬೇರೆಡೆ ವಿರಳವಾಗುತ್ತವೆ. ಇಂಥಲ್ಲಿ ಸರಾಸರಿ ಘನ ಯಾವ ಭಾಗವನ್ನು ಪ್ರತಿನಿಧಿಸುತ್ತದೆ?

ತರಗತಿಯಲ್ಲಿ ಈ ಮಾದರಿಯನ್ನು ಬಿಡಬೇಕೆಂದು ನಾವು ಹೇಳುತ್ತಿಲ್ಲ. ಲ್ಯಾಂಬ್ಡಾದಿಂದ ಕಲ್ಲಿನ ಅಳತೆಯನ್ನು ಕೇಳುವ ಪ್ರಶ್ನೆಯಲ್ಲಿ ಕಲ್ಲಿನ ಪಾರಗಮ್ಯತೆಯನ್ನೂ ಆಕಾರವನ್ನೂ ಕೊಟ್ಟಿರಬೇಕು. ಕೊಡದಿದ್ದಲ್ಲಿ ಉತ್ತರವಿಲ್ಲವೆಂದು ಬರೆದ ವಿದ್ಯಾರ್ಥಿಗೆ ಪೂರ್ಣ ಅಂಕಗಳು ಸಲ್ಲಬೇಕು.